ಸಂಜೆ ಏಳು ಗಂಟೆಯ ಮೈಕು

ನಮ್ಮ ಊರಿನ ಹನುಮಂತ ದೇವರ ಗುಡಿಯ ಮೈಕಿನಿಂದ ಹೆಣ್ಣುಮಗಳೊಬ್ಬಳ ದನಿ ಮೊದಲ ಸಲ ಕೇಳಿಬಂದದ್ದು 2021ರ ಏಪ್ರಿಲ್ 28ರ ಸಂಜೆ ಏಳು ಗಂಟೆಗೆ. ಆ ದನಿ ನನ್ನದು. ಕೊರೊನಾದಿಂದಾಗಿ ಹಿಂದಿನ ರಾತ್ರಿಯಿಂದ ರಾಜ್ಯದಲ್ಲಿ ಎರಡನೆಯ ಸಲ ಎಲ್ಲವೂ ಬಂದ್ ಆಗಿತ್ತು. ಕಿರಾಣಿ, ಹಾಲು, ಕಾಯಿಪಲ್ಯಕ್ಕೆ ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅವಕಾಶವಿದೆ ಎಂಬುದನ್ನು ಜನರಿಗೆ ತಿಳಿಸಬೇಕಾಗಿತ್ತು. ಚಿತ್ತಾಪುರ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿಗೆ ನಾನು ಅಧ್ಯಕ್ಷಳಾಗಿ ಆಗ ಎರಡೂವರೆ ತಿಂಗಳಾಗಿತ್ತು. ಮನೆ ಬಾಗಿಲಿಗೆ ಬಂದವರಲ್ಲಿ ಅರ್ಧದಷ್ಟು ಮಂದಿ ನನ್ನನ್ನು ಎದುರಿಗೆ ಕಂಡೂ "ಯಜಮಾನ್ರು ಅದಾರೇನ್ರಿ, ಪಂಚಾಯಿತಿ ಕೆಲಸ ಇತ್ತು" ಎಂದೇ ಕೇಳುತ್ತಿದ್ದ ಕಾಲ ಅದು. ಪೂಜಾರಿ ಕಾಕಾ ಸ್ವಲ್ಪ ಹೊತ್ತು ಮೈಕನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು. ಆಮೇಲೆ ಅದರ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, "ಮಾತಾಡು ತಂಗಿ, ದೇವರಿಗೇನು ಬ್ಯಾಸರ ಆಗಂಗಿಲ್ಲ" ಎಂದು ನನ್ನ ಕೈಗೆ ಕೊಟ್ಟರು. ಅಂದಿನಿಂದ ಜುಲೈ 5ರವರೆಗೆ, ಎರಡು ದಿನ ಬಿಟ್ಟು, ಪ್ರತಿ ಸಂಜೆ ನಾನು ಅಲ್ಲಿಂದ ಊರಿಗೆ ವರದಿ ಒಪ್ಪಿಸಿದೆ. ಬಿಟ್ಟ ಆ ಎರಡು ದಿನಗಳ ವಿಷಯಕ್ಕೆ ಮುಂದೆ ಬರುತ್ತೇನೆ.

ಈ ಕೆಲಸವನ್ನು ನಾನು ಕಲಿತದ್ದು ತಪ್ಪು ಮಾಡಿ. 2020ರ ಮಾರ್ಚ್ 10ರಂದು ನಮ್ಮ ಜಿಲ್ಲೆಯ ಹಿರಿಯರೊಬ್ಬರು ತೀರಿಕೊಂಡು, ಎರಡು ದಿನಗಳ ನಂತರ ಅದು ದೇಶದಲ್ಲಿ ಕೊರೊನಾದ ಮೊದಲ ಸಾವು ಎಂದು ಗೊತ್ತಾದಾಗ ನಾನು ಪಂಚಾಯಿತಿಯ ಬರೀ ಸದಸ್ಯೆ. ಕಲಬುರಗಿಯ ಹೆಸರು ದೇಶದ ಎಲ್ಲ ಟಿವಿಗಳಲ್ಲಿ ಬರತೊಡಗಿದ ಮೇಲೆ, ಕಲಬುರಗಿಗೆ ದವಾಖಾನೆಗೆ ಹೋಗಿ ಬಂದವರನ್ನೂ ಜನ ಸಂಶಯದಿಂದ ನೋಡಲಾರಂಭಿಸಿದರು. ಮೇ ತಿಂಗಳಲ್ಲಿ ಮುಂಬೈ, ಪುಣೆಗೆ ಗುಳೆ ಹೋಗಿದ್ದ ನಮ್ಮವರು ಶ್ರಮಿಕ ರೈಲುಗಳಲ್ಲಿ, ಲಾರಿಗಳಲ್ಲಿ, ಕೆಲವರು ಒಂದಿಷ್ಟು ದೂರ ನಡೆದುಕೊಂಡೇ ಮರಳಿದರು. ಅವರನ್ನು ಸರ್ಕಾರಿ ಶಾಲೆಯಲ್ಲಿ, ವಸತಿನಿಲಯದಲ್ಲಿ ಇರಿಸಲಾಯಿತು. ಆಗ ಕಸದ ಗಾಡಿಯ ಸ್ಪೀಕರಿನಲ್ಲಿ ಸುದ್ದಿ ಹೇಳುವ ಜವಾಬ್ದಾರಿ ನನ್ನ ಪಾಲಿಗೆ ಬಂದಿತ್ತು. ಒಂದು ದಿನ, ಜನ ಎಚ್ಚರದಿಂದಿರಲಿ ಎಂಬ ಒಳ್ಳೆಯ ಬುದ್ಧಿಯಿಂದಲೇ, ಸೋಂಕು ಬಂದ ಮನೆಯನ್ನು "ಅಗಸಿಯ ಒಳಗೆ ಎಡಕ್ಕೆ ಎರಡನೆಯ ಮನೆ" ಎಂದು ಗುರುತು ಹೇಳಿಬಿಟ್ಟೆ.

ಮರುದಿನ ಗಿರಣಿಯವನು ಆ ಮನೆಯ ಜೋಳದ ಡಬ್ಬಿಯನ್ನು ಮುಟ್ಟಲಿಲ್ಲ. ರೊಟ್ಟಿ ಇಲ್ಲದೆ ಊಟವೇ ಇಲ್ಲದ ನಮ್ಮ ಕಡೆ ಜೋಳ ಬೀಸಿಕೊಡುವುದಿಲ್ಲ ಎನ್ನುವುದು ಎಂಥ ಮಾತೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಲಿನವಳು ಬರುವುದನ್ನು ನಿಲ್ಲಿಸಿದಳು. ನಳದ ಬಳಿ ಅವರ ಕೊಡಗಳನ್ನು ಯಾರೋ ಕಾಲಿನಿಂದ ಸರಿಸಿದರು. ನಾನು ಆ ಡಬ್ಬಿಯನ್ನು ನಮ್ಮ ಮನೆಯದೆಂದು ಹೇಳಿ ಬೀಸಿಸಿಕೊಂಡು ಬಂದು ಅವರ ಕಟ್ಟೆಯ ಮೇಲೆ ಇಟ್ಟೆನಾದರೂ ಅದರಿಂದ ನನ್ನ ಮನಸ್ಸು ಹಗುರಾಯಿತೇ ಹೊರತು ಅವರದಲ್ಲ. ಮಗ ಗುಣವಾಗಿ ಬಂದ ಇಪ್ಪತ್ತು ದಿನಗಳ ಮೇಲೆ ಆ ತಾಯಿ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ವೈನಿ, ಜಡ್ಡು ಹೋಯ್ತು, ನೀವು ಹೇಳಿದ ಮಾತು ಹೋಗವಲ್ದು ನೋಡ್ರಿ" ಎಂದಳು. ಸಿಟ್ಟಿನಿಂದ ಅಂದ ಮಾತಾಗಿದ್ದರೆ ನಾನು ಮರೆಯುತ್ತಿದ್ದೆನೇನೋ.

ಆ ವರ್ಷದ ನಡುವಿನಲ್ಲಿ ನಮ್ಮ ಅವಧಿ ಮುಗಿದು, ಪಂಚಾಯಿತಿಗಳಿಗೆ ಆಡಳಿತಾಧಿಕಾರಿಗಳು ಬಂದರು. ಅಧಿಕಾರ ಹೋದರೂ ಫೋನು ಬರುವುದು ನಿಲ್ಲಲಿಲ್ಲ. ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದಾಗಲೂ ನದಿ ದಂಡೆಯ ಬೀಗರ ಗತಿ ಏನಾಯಿತೆಂದು ಕೇಳಿ ಜನ ನಮ್ಮಂಥ ಮಾಜಿಗಳಿಗೇ ಫೋನು ಮಾಡಿದರು. ಡಿಸೆಂಬರಿನಲ್ಲಿ ಚುನಾವಣೆ ನಡೆದು ನಾನು ಮತ್ತೆ ಗೆದ್ದೆ. ಮೀಸಲಾತಿ ಪಟ್ಟಿ ಹೊರಬಿದ್ದು ಫೆಬ್ರವರಿಯಲ್ಲಿ ಅಧ್ಯಕ್ಷ ಸ್ಥಾನ ಮಹಿಳೆಯರ ಪಾಲಿಗೆ ಬಂತು. ಹೀಗೆ ಎರಡನೆಯ ಅಲೆ ಬರುವ ಹೊತ್ತಿಗೆ ಕುರ್ಚಿಯೂ ಹೊಸದು, ಗ್ರಾಮ ಪಂಚಾಯಿತಿ ಕಾರ್ಯಪಡೆಯ ಅಧ್ಯಕ್ಷತೆಯೂ ನನ್ನದೇ.

ಪ್ರತಿದಿನ ಸಂಜೆ ಓದುವ ಎಂಟು ನಿಮಿಷಗಳಿಗೆ ಬೆಳಿಗ್ಗೆಯಿಂದ ಸಿದ್ಧತೆ ಬೇಕಾಗುತ್ತಿತ್ತು. ಮಗಳ ಇನ್ನೂರು ಪುಟದ ನೋಟ್‌ಬುಕ್ಕಿನ ಪ್ರತಿ ಪುಟವನ್ನು ಗೆರೆ ಎಳೆದು ಎರಡು ಭಾಗ ಮಾಡಿದ್ದೆ: ಎಡಕ್ಕೆ "ಖಾತ್ರಿ", ಬಲಕ್ಕೆ "ಕೇಳಿದ್ದು". ಪಿಡಿಓ ಸಾಹೇಬರ ಬಳಿ ಬಂದ ಆದೇಶ, ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಬಂದ ವರದಿ, ಪಡಿತರ ಅಂಗಡಿಗೆ ನಾನೇ ಹೋಗಿ ನೋಡಿ ಬಂದ ಮೂಟೆಗಳ ಲೆಕ್ಕ ಎಡಕ್ಕೆ ಹೋಗುತ್ತಿತ್ತು. ವಾಟ್ಸ್ಯಾಪಿನಲ್ಲಿ ಬಂದದ್ದು, ಚಹಾದ ಅಂಗಡಿಯಲ್ಲಿ ಕೇಳಿದ್ದು, ನನ್ನ ಮೈದುನ ಬಹಳ ಆತ್ಮವಿಶ್ವಾಸದಿಂದ ಹೇಳಿದ್ದೆಲ್ಲ ಬಲಕ್ಕೆ. ಮೈಕಿನಲ್ಲಿ ಓದುವುದು ಎಡಭಾಗ ಮಾತ್ರ. ಬಲಭಾಗದಲ್ಲಿರುವ ಯಾವುದಾದರೂ ಮಾತು ಊರೆಲ್ಲ ಹರಡಿದ್ದರೆ, "ಇದನ್ನು ನಾನೂ ಕೇಳಿದ್ದೇನೆ, ಇನ್ನೂ ವಿಚಾರಿಸಿಲ್ಲ, ನಾಳೆ ಹೇಳುತ್ತೇನೆ" ಎನ್ನುತ್ತಿದ್ದೆ, ಮತ್ತು ಮರುದಿನ ಅದಕ್ಕೆ ಉತ್ತರ ಸಿಗದಿದ್ದರೆ ಸಿಗಲಿಲ್ಲವೆಂದೇ ಹೇಳುತ್ತಿದ್ದೆ. ಮೊದಮೊದಲು ಇದನ್ನು ಕೇಳಿ ಕೆಲವರು ನಕ್ಕರು. ಅಧ್ಯಕ್ಷರಾದವರಿಗೆ ಗೊತ್ತಿಲ್ಲ ಎಂದರೆ ಹೇಗೆ ಎಂದರು. ಒಂದು ವಾರದ ಮೇಲೆ ಅವರೇ ತಮ್ಮ ಸಂಶಯಗಳನ್ನು ತಂದು ನನ್ನ ಬಲಭಾಗಕ್ಕೆ ಬರೆಸಲಾರಂಭಿಸಿದರು.

ಆದೇಶಗಳ ಕನ್ನಡ ಇನ್ನೊಂದು ತೊಡಕು. "ಪ್ರಾಥಮಿಕ ಸಂಪರ್ಕಿತರು" ಎಂದರೆ ಯಾರೆಂದು ಬಿ.ಎ. ಓದಿದ ನನಗೇ ಎರಡು ಸಲ ಓದಿದ ಮೇಲೆ ತಿಳಿದದ್ದು. ಅದನ್ನು "ಜಡ್ಡಾದವರ ಜೊತೆ ಒಂದೇ ಮನೆಯಲ್ಲಿ ಉಂಡವರು, ಮಲಗಿದವರು, ಹತ್ತಿರ ಕುಳಿತು ಮಾತಾಡಿದವರು" ಎಂದು ಬಿಡಿಸಿಕೊಂಡೆ. ಅದೇ ವಿಷಯವನ್ನು ಮಸೀದಿಯ ಮೈಕಿನಿಂದ ಮೌಜನ್ ಸಾಹೇಬರು ನಮ್ಮ ಕಡೆಯ ಉರ್ದುವಿನಲ್ಲಿ ಹೇಳುತ್ತಿದ್ದರು. ತಾಂಡಾಕ್ಕೆ ಹೋಗುವುದು ಡಿಗ್ರಿ ಓದುವ ಹುಡುಗಿಯೊಬ್ಬಳು ಲಂಬಾಣಿಯಲ್ಲಿ ಧ್ವನಿ ಮುದ್ರಿಸಿ ಕಳಿಸುವ ಸಂದೇಶ. ಫೋನಿಲ್ಲದ ಮುದುಕಿಯರು ತಾಂಡಾದ ನಾಯಕರ ಮನೆಯಂಗಳದಲ್ಲಿ ಕುಳಿತು ಅದನ್ನು ಕೇಳುತ್ತಿದ್ದರಂತೆ. ಆ ಹುಡುಗಿ ನನ್ನ ಮಾತನ್ನು ಯಥಾವತ್ತಾಗಿ ಹೇಳದೆ ಅಲ್ಲಲ್ಲಿ ತನ್ನದೂ ನಾಲ್ಕು ಬೈಗುಳ ಸೇರಿಸುತ್ತಾಳೆಂದು ಆಶಾ ಕಾರ್ಯಕರ್ತೆ ದೂರಿದಳು. ತಾಂಡಾದಲ್ಲಿ ಮಾಸ್ಕು ಹಾಕುವವರ ಸಂಖ್ಯೆ ಊರಿಗಿಂತ ಹೆಚ್ಚಾಗಿದ್ದುದರಿಂದ ನಾನು ಸುಮ್ಮನಿದ್ದೆ.

ಪಡಿತರದ ವಿಷಯದಲ್ಲಿ ಹೇಳುವುದು ಹೆಚ್ಚೇನಿಲ್ಲ. ಮೇ ಮತ್ತು ಜೂನ್ ತಿಂಗಳಿಗೆ ಕೇಂದ್ರದಿಂದ ತಲೆಗೆ 5 ಕಿಲೋ ಧಾನ್ಯ ಪುಕ್ಕಟೆ ಬರುತ್ತದೆಂದು ಓದಿದ ಮರುದಿನವೇ ಅಂಗಡಿಯ ಮುಂದೆ ನೂಕುನುಗ್ಗಲಾಯಿತು. ಸುಣ್ಣದಿಂದ ಗುರುತು ಹಾಕಿ ಎಂದು ಆದೇಶವಿತ್ತು. ನಮ್ಮಲ್ಲಿ ಅದರ ಅಗತ್ಯ ಬೀಳಲಿಲ್ಲ. ಶಹಾಬಾದಿನ ಫರಸಿ ಕಲ್ಲು ನಮ್ಮ ಊರುಗಳ ನೆಲವೂ ಹೌದು, ಗೋಡೆಯೂ ಹೌದು, ಎಷ್ಟೋ ಮನೆಗಳ ಚಾವಣಿಯೂ ಹೌದು. ಅಂಗಡಿಯ ಮುಂದೆಯೂ ಅದನ್ನೇ ಹಾಸಿದ್ದರಿಂದ, "ಒಬ್ಬರು ನಿಂತ ಮೇಲೆ ಎರಡು ಫರಸಿ ಬಿಟ್ಟು ಇನ್ನೊಬ್ಬರು" ಎಂದು ಮೈಕಿನಲ್ಲಿ ಒಂದು ವಾಕ್ಯ ಹೇಳಿದ್ದು ಸಾಕಾಯಿತು. ಮೊಳ, ಮೀಟರು ತಿಳಿಯದ ಮಕ್ಕಳೂ ಅದನ್ನು ಪಾಲಿಸಿದರು. ಉದ್ಯೋಗ ಖಾತ್ರಿ ಕೆಲಸದ ದಿನಗೂಲಿ ಆ ವರ್ಷ 275ರಿಂದ 289 ರೂಪಾಯಿಗೆ ಏರಿದ್ದನ್ನು, ಕೆಲಸ ಬೇಕಾದವರು ನಮೂನೆ 6ರಲ್ಲಿ ಅರ್ಜಿ ಕೊಡಬೇಕೆಂಬುದನ್ನು ವಾರಕ್ಕೆರಡು ಸಲ ಹೇಳುತ್ತಿದ್ದೆ. ಅರ್ಜಿ ಕೊಟ್ಟವರಿಗೆ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ ಎಂದು ನಾನು ಸೇರಿಸಿದ್ದು ನಮ್ಮ ಕಚೇರಿಯವರಿಗೇ ಅಷ್ಟು ಹಿಡಿಸಲಿಲ್ಲ.

ಮೇ 13, ಗುರುವಾರದ ಸಂಜೆಯನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಮರುದಿನ, ಶುಕ್ರವಾರ, ರಂಜಾನ್ ಹಬ್ಬ ಮತ್ತು ಬಸವ ಜಯಂತಿ ಒಂದೇ ದಿನ ಬಂದಿದ್ದವು. ರಾಜ್ಯದಲ್ಲಿ ಮೇ 10ರಿಂದ ಬಂದ್ ಇನ್ನಷ್ಟು ಬಿಗಿಯಾಗಿತ್ತು. ನಮಾಜು ಮನೆಯಲ್ಲೇ ಆಗಬೇಕು, ಬಸವಣ್ಣನ ಭಾವಚಿತ್ರದ ಮೆರವಣಿಗೆ ಕೂಡದು ಎಂದು ಎರಡೂ ಕಡೆಯ ಹಿರಿಯರನ್ನು ಪಂಚಾಯಿತಿಗೆ ಕರೆಸಿ ಹೇಳಿದಾಗ, ಇಬ್ಬರೂ ಒಪ್ಪಿದರು, ಆದರೆ ಇಬ್ಬರದೂ ಒಂದೇ ಷರತ್ತು: "ಅವರು ಮೊದಲು ಹೇಳಲಿ." ಮೊದಲು ಹೇಳಿದವರು ಸೋತಂತೆ ಎಂಬ ಲೆಕ್ಕವಿರಬೇಕು. ಕೊನೆಗೆ, ಗುಡಿಯ ಮೈಕಿನಲ್ಲಿ ನಾನು, ಮಸೀದಿಯ ಮೈಕಿನಲ್ಲಿ ಮೌಜನ್ ಸಾಹೇಬರು ಏಳು ಗಂಟೆಗೆ ಸರಿಯಾಗಿ ಒಂದೇ ಸಲ ಎರಡೂ ವಿಷಯ ಹೇಳುವುದೆಂದು ಗೊತ್ತುಮಾಡಿ, ಇಬ್ಬರ ಫೋನಿನ ಗಡಿಯಾರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿಕೊಂಡೆವು. ಇದನ್ನು ಭಾವೈಕ್ಯದ ಸುದ್ದಿಯೆಂದು ಪತ್ರಿಕೆಗೆ ಕೊಡೋಣ ಎಂದು ಸದಸ್ಯರೊಬ್ಬರು ಹೇಳಿದರು. ಒಳಗೆ ಆದ ಎಳೆದಾಟ ನನಗೆ ಗೊತ್ತಿದ್ದುದರಿಂದ ನಾಚಿಕೆಯಾಗಿ ಬೇಡವೆಂದೆ.

ಆ ಸಂಜೆಯ ನಿಜವಾದ ತೊಂದರೆ ಹಬ್ಬದ್ದಲ್ಲ, ಲಸಿಕೆಯದು. 45 ದಾಟಿದವರಿಗೆ ಏಪ್ರಿಲ್ 1ರಿಂದ ಲಸಿಕೆ ಶುರುವಾದಾಗ ಊರಲ್ಲಿ ಯಾರೂ ಮುಂದೆ ಬರಲಿಲ್ಲ. ಸೂಜಿ ಮಾಡಿಸಿಕೊಂಡವರು ಎರಡು ವರ್ಷಕ್ಕೆ ಸಾಯುತ್ತಾರೆ, ಗಂಡಸರಿಗೆ ಮಕ್ಕಳಾಗುವುದಿಲ್ಲ ಎಂಬ ಮಾತುಗಳು ಮೊದಲೇ ಹರಡಿದ್ದವು. ನನಗೆ ಆಗ ನಲವತ್ತಾರು ವರ್ಷ. ಏಪ್ರಿಲ್ 5ರಂದು ಎಲ್ಲರೆದುರು ಕೋವಿಶೀಲ್ಡ್ ಹಾಕಿಸಿಕೊಂಡೆ. ಆ ರಾತ್ರಿ ಮೈ ಕೆಂಡದಂತಾಗಿ, ಕೈ ಎತ್ತಲಾರದೆ ನರಳಿದೆ. ಮೈಕಿನ ಕೆಲಸ ಶುರುವಾದ ಮೇಲೆ ಅದನ್ನೂ ಮುಚ್ಚಿಡದೆ ಹೇಳಿದೆ: ಒಂದು ರಾತ್ರಿ ಜ್ವರ ಬರುತ್ತದೆ, ಮೈ ನೋಯುತ್ತದೆ, ಇಂಥ ಮಾತ್ರೆ ಕೊಡುತ್ತಾರೆ, ಮರುದಿನ ಇಳಿಯುತ್ತದೆ. ಜ್ವರದ ಮಾತೆತ್ತಿದರೆ ಇರುವವರೂ ಓಡಿಹೋಗುತ್ತಾರೆಂದು ಪಿಡಿಓ ಸಾಹೇಬರು ಹೆದರಿದ್ದರು. ಆದದ್ದು ಬೇರೆ. ಹೇಳಿದ ಜ್ವರವೇ ಬಂದಾಗ ಜನ ಗಾಬರಿಯಾಗಲಿಲ್ಲ. "ಅಧ್ಯಕ್ಷರ ಜ್ವರ ನನಗೂ ಬಂತ್ರಿ" ಎಂದು ನಗುತ್ತಾ ಹೇಳಿಕೊಂಡರು. ಎರಡನೆಯ ಸೂಜಿ ಆರರಿಂದ ಎಂಟು ವಾರಕ್ಕೆ ಎಂದು ನಾನು ಹತ್ತಾರು ಸಲ ಹೇಳಿದ್ದೆ, ನನ್ನ ಜೊತೆ ಹಾಕಿಸಿಕೊಂಡವರು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡಿದ್ದರು, ಆರು ವಾರ ತುಂಬಲು ನಾಲ್ಕು ದಿನ ಬಾಕಿ ಇತ್ತು. ಮೇ 13ರಂದು ಆ ಅಂತರ 12ರಿಂದ 16 ವಾರಗಳಿಗೆ ಹೋಯಿತು.

ಹಬ್ಬದ ಮಾತು ಮುಗಿದ ಮೇಲೆ ಇದನ್ನು ಓದಿದೆ. ತಡವಾಗಿ ಹಾಕಿಸಿಕೊಂಡರೆ ರಕ್ಷಣೆ ಹೆಚ್ಚೆಂದು ತಜ್ಞರ ಶಿಫಾರಸಿನ ಮೇಲೆ ಬದಲಿಸಿದ್ದಾರೆ ಎಂಬುದು ಎಡಭಾಗದಲ್ಲಿತ್ತು. ಸೂಜಿ ಮುಗಿದಿದೆ, ಅದಕ್ಕೇ ಹೀಗೆ ಹೇಳುತ್ತಾರೆ ಎಂಬುದು ಬಲಭಾಗದಲ್ಲಿತ್ತು. ನಾನು ಎರಡನ್ನೂ ಹೇಳಿದೆ. ಆರೋಗ್ಯ ಕೇಂದ್ರದಲ್ಲಿ ಆ ದಿನ ಲಸಿಕೆಯ ಕೊರತೆ ಇರುವುದು ನಿಜ, ಆದರೆ ಅಂತರ ಹೆಚ್ಚಿಸಿದ್ದು ಅದಕ್ಕೇ ಎಂದು ನನ್ನ ಬಳಿ ಆಧಾರವಿಲ್ಲ, ನನ್ನ ಎರಡನೆಯ ಸೂಜಿಯೂ ನಿಮ್ಮ ಹಾಗೆಯೇ ಮುಂದೆ ಹೋಗಿದೆ ಎಂದೆ. ಕೆಳಗೆ ಇಳಿದು ಬಂದಾಗ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು, "ನಿನ್ನ ಮಾತಿಗೆ ಕ್ಯಾಲೆಂಡರ್ ಕೆಡಿಸೀವಿ, ಹೊಸದು ನೀನೇ ಕೊಡಸಬೇಕು ಯವ್ವಾ" ಎಂದರು.

ಆ ತಿಂಗಳಲ್ಲಿ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಒಂದಿತ್ತು. ಅದು ತೋರಿಸುವ ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿಳಿದರೆ ಮನೆಯಲ್ಲಿ ಇರಬಾರದು, ಮೆಹಂದಿ ಅಥವಾ ಉಗುರುಬಣ್ಣ ಹಚ್ಚಿದ ಬೆರಳನ್ನು ಕೊಡಬಾರದು ಎಂದು ಹಬ್ಬದ ವಾರವೆಲ್ಲ ಹೇಳಿದೆ. ಆಸ್ಪತ್ರೆಯಲ್ಲಿ ಹಾಸಿಗೆ ಕೇಳುವಾಗ ಪರೀಕ್ಷೆಯ ಎಸ್‌ಆರ್‌ಎಫ್ ಸಂಖ್ಯೆ ಕೇಳುತ್ತಾರೆ, ಅದು ಬಂದ ಸಂದೇಶವನ್ನು ಅಳಿಸಬೇಡಿ ಎಂದೂ ಹೇಳುತ್ತಿದ್ದೆ. ಆದರೆ ಪರೀಕ್ಷೆಗೆ ಬರುವವರೇ ಕಡಿಮೆಯಾಗಿದ್ದರು. ವರದಿ ಬರುವ ಹೊತ್ತಿಗೆ ರೋಗಿ ಗುಣವಾಗಿರುತ್ತಿದ್ದ, ಇಲ್ಲವೇ ಕೈಮೀರಿರುತ್ತಿದ್ದ. ಸೋಂಕೆಂದು ಬರೆದುಬಿಟ್ಟರೆ ಹೆಣವನ್ನು ಮನೆಗೆ ಕೊಡುವುದಿಲ್ಲ ಎಂಬ ಭಯ ಇನ್ನೂ ದೊಡ್ಡದಾಗಿತ್ತು. ಆಶಾ ಕಾರ್ಯಕರ್ತೆ ಬರುವುದನ್ನು ದೂರದಿಂದ ಕಂಡು ಹೊಲಕ್ಕೆ ಹೋಗಿ ಕೂರುವವರಿದ್ದರು. ಇವೆಲ್ಲವೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಮೇ 15ರವರೆಗೆ ನಾನು ಪ್ರತಿ ಸಂಜೆ, ವರದಿಯಲ್ಲಿ ಇದ್ದ ಹಾಗೆಯೇ, "ಇಂದು ನಮ್ಮ ಪಂಚಾಯಿತಿಯಲ್ಲಿ ಕೊರೊನಾದಿಂದ ಸಾವು ಇಲ್ಲ" ಎಂದು ಓದುತ್ತಿದ್ದೆ.

ಮೇ 16ರ ಬೆಳಿಗ್ಗೆ, ನಮ್ಮೂರಿನಲ್ಲಿ ಹೂಳುವವರಿಗೆ ಕುಣಿ ತೋಡುವ ಅಣ್ಣ ಪಂಚಾಯಿತಿಯ ಬಾಗಿಲಲ್ಲಿ ನಿಂತು, ಒಳಗೆ ಬರದೆ, "ನೀವು ದಿನಾ ಇಲ್ಲ ಇಲ್ಲ ಅಂತೀರಿ, ಹತ್ತು ದಿನದಾಗ ಜ್ವರ ದಮ್ಮಿನವರಿಗೇ ಮೂರು ಕುಣಿ ತೋಡೀನಿ. ನನ್ನ ಕೂಲಿ ಬರಕೊಂಡೀರಿ, ಅವರನ್ನ ಬರಕೊಂಡಿಲ್ಲ" ಎಂದ. ಎಡಭಾಗಕ್ಕೂ ಬಲಭಾಗಕ್ಕೂ ಸೇರದ ಮಾತು ಅದು. ಅಂದು ಸಂಜೆ ವಾಕ್ಯವನ್ನು ಬದಲಿಸಿದೆ: "ಪರೀಕ್ಷೆಯಾಗಿ ಕೊರೊನಾ ಎಂದು ಬರೆದ ಸಾವು ಇಂದು ಇಲ್ಲ. ಪರೀಕ್ಷೆಯಾಗದೆ, ಜ್ವರ ಮತ್ತು ದಮ್ಮಿನಿಂದ ತೀರಿಕೊಂಡವರು ಈ ತಿಂಗಳಲ್ಲಿ ಮೂವರು." ಹೆಸರು ಹೇಳಲಿಲ್ಲ, ಓಣಿಯನ್ನೂ ಹೇಳಲಿಲ್ಲ. ಮರುದಿನ ಪರೀಕ್ಷೆಗೆ ಬಂದವರ ಸಾಲು ಶಾಲೆಯ ಗೇಟಿನ ಆಚೆಗೂ ಇತ್ತು.

ಮೇ 18ರಂದು ಮೇಲಿನ ಕಚೇರಿಯಿಂದ ಫೋನು ಬಂತು. ಮಾತಾಡಿದವರು ಗದರಿಸಲಿಲ್ಲ, ಬಹಳ ಸಾವಧಾನದಿಂದಲೇ, ವರದಿಯಲ್ಲಿ ಇಲ್ಲದ ಸಂಖ್ಯೆಯನ್ನು ಜನಪ್ರತಿನಿಧಿಯಾದವರು ಮೈಕಿನಲ್ಲಿ ಓದಿದರೆ ಜನ ಗಾಬರಿಯಾಗುತ್ತಾರೆ, ನಾಳೆ ಇದಕ್ಕೆ ಉತ್ತರ ಕೊಡಬೇಕಾದವರು ನೀವೇ ಎಂದರು. ಯಜಮಾನರೂ "ಎರಡು ದಿನ ಸುಮ್ಮನಿರು" ಎಂದರು. ಮೇ 19 ಮತ್ತು 20ರಂದು ನಾನು ಗುಡಿಗೆ ಹೋಗಲಿಲ್ಲ. ಗಂಟಲು ಕಟ್ಟಿದೆ ಎಂದು ಪೂಜಾರಿ ಕಾಕಾನಿಗೆ ಹೇಳಿ ಕಳಿಸಿದೆ. 21ರಂದು ಮತ್ತೆ ಹೋದೆ, ಬದಲಿಸಿದ ವಾಕ್ಯವನ್ನೇ ಓದಿದೆ. ಸಂಖ್ಯೆ ಅಷ್ಟರಲ್ಲಿ ನಾಲ್ಕಾಗಿತ್ತು, ತಿಂಗಳ ಕೊನೆಗೆ ಐದಾಯಿತು. ಎರಡನೆಯ ಫೋನು ಬರಲೇ ಇಲ್ಲ.

ಜೂನಿನಲ್ಲಿ ಮಳೆ ಬಿದ್ದು, ತೊಗರಿ ಬೀಜಕ್ಕೆ ರೈತ ಸಂಪರ್ಕ ಕೇಂದ್ರದ ಮುಂದೆ ಸಾಲು ಹತ್ತಿದ ಮೇಲೆ ಜನರ ಲಕ್ಷ್ಯ ಹೊಲದ ಕಡೆಗೆ ಹೊರಳಿತು. ಜೂನ್ 21ರಿಂದ 18 ದಾಟಿದ ಎಲ್ಲರಿಗೂ ಲಸಿಕೆ ಪುಕ್ಕಟೆ ಎಂಬುದನ್ನು ಓದಿದ್ದು ಮೈಕಿನ ಕೊನೆಯ ದೊಡ್ಡ ಸುದ್ದಿ. ಜುಲೈ 5ರಂದು ಹೆಚ್ಚಿನ ನಿರ್ಬಂಧಗಳು ಸಡಿಲವಾದಾಗ ನೋಟ್‌ಬುಕ್ಕನ್ನು ಕಪಾಟಿನಲ್ಲಿ ಇಟ್ಟೆ.

ಅದನ್ನು ಮತ್ತೆ ತೆಗೆದದ್ದು ಪರಿಹಾರದ ಹೊತ್ತಿನಲ್ಲಿ. ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ 1 ಲಕ್ಷ ರೂಪಾಯಿ ಎಂದು ರಾಜ್ಯ ಸರ್ಕಾರ ಜೂನಿನಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟಿನ ಆದೇಶದ ಮೇಲೆ 50,000 ರೂಪಾಯಿಯ ಪರಿಹಾರವೂ ಅಕ್ಟೋಬರಿನಲ್ಲಿ ಗೊತ್ತಾಯಿತು. ಪರೀಕ್ಷೆಯಲ್ಲಿ ಸೋಂಕೆಂದು ಬಂದು, ಮೂವತ್ತು ದಿನಗಳೊಳಗೆ ತೀರಿಕೊಂಡವರ ಮನೆಯವರಿಗೆ ದಾರಿ ಸುಲಭವಿತ್ತು. ಕಾಗದವಿಲ್ಲದ ಐದು ಮನೆಗಳವರು ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕಾಗಿತ್ತು. ಗ್ರಾಮ ಲೆಕ್ಕಿಗರ ಬಳಿಯ ಮರಣ ಪತ್ರದಲ್ಲಿ ದಿನಾಂಕವಿತ್ತೇ ಹೊರತು ರೋಗದ ಹೆಸರಿರಲಿಲ್ಲ. ಒಂದು ಮನೆಯವರ ಬಳಿ ಎದೆಯ ಸ್ಕ್ಯಾನ್ ಇತ್ತು. ಅವರಿಗೆ ಹಣ ಬಂತು. ಉಳಿದ ನಾಲ್ಕು ಅರ್ಜಿಗಳ ಜೊತೆಗೆ ಪಂಚಾಯಿತಿಯ ಲೆಟರ್‌ಹೆಡ್ಡಿನ ಮೇಲೆ ಪತ್ರ, ನನ್ನ ನೋಟ್‌ಬುಕ್ಕಿನ ಪುಟಗಳ ಝೆರಾಕ್ಸ್ ಇಟ್ಟೆ. ಇದು ವೈದ್ಯಕೀಯ ದಾಖಲೆಯಲ್ಲ ಎಂಬ ಷರಾದೊಂದಿಗೆ ನಾಲ್ಕೂ ಮರಳಿ ಬಂದವು.

ಅವುಗಳಲ್ಲೊಂದನ್ನು ಕೊಡಲು ನಾನೇ ಆ ಮನೆಗೆ ಹೋದೆ. ಗಂಡನನ್ನು ಕಳೆದುಕೊಂಡ ಆಕೆ ಓದು ಬಾರದವಳು. ಮರಳಿ ಬಂದ ಕಾಗದಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಝೆರಾಕ್ಸ್ ಪುಟವನ್ನು ಬೇರೆ ತೆಗೆದು, "ಇದರಾಗ ಏನ್ ಬರದೀರಿ, ಓದ್ರಿ" ಎಂದಳು. ಓದಿದೆ: 19-5-2021, ಬುಧವಾರ. ನಾಲ್ಕು ದಿನದ ಜ್ವರ, ದಮ್ಮು. ರಾತ್ರಿ ಹತ್ತಕ್ಕೆ ಬೆರಳಿಗೆ ಹಾಕಿದಾಗ 81. ಗಾಡಿಗೆ ಫೋನು ಮಾಡಿದ್ದು ಹತ್ತೂ ಐದಕ್ಕೆ. ಹತ್ತೂ ಮುಕ್ಕಾಲಿಗೆ ತೀರಿಕೊಂಡರು. ಪರೀಕ್ಷೆ ಆಗಿಲ್ಲ.

ಆಕೆ ಪುಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಮರುದಿನ ಸಂಜೀಕ ಮೈಕಿನಾಗ ಹೇಳ್ತೀರಿ ಅಂತ ಬಾಗಲದಾಗ ಕುಂತಿದ್ದೆ. ಹೇಳಲಿಲ್ಲ ನೀವು" ಎಂದಳು.

ಗಂಟಲು ಕಟ್ಟಿತ್ತು ಎಂದು ಆಕೆಗೂ ಹೇಳಲು ನನಗೆ ಆಗಲಿಲ್ಲ.